ಎಕ್ಸಿಕ್ಯೂಟಿವ್ ಸೀಟು, ಚಕ್ಕಳದ ಚಪಾತಿ

ಈ ಸಲ ಬಂದ ಕಾಗದಗಳನ್ನು ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂತರೆ ಅರ್ಧಕ್ಕರ್ಧ ರೈಲಿನ ಊಟದ ದೂರು. ಬುಕಿಂಗ್ ಕೌಂಟರಿನ ಕಿಟಕಿ ಹಿಂದೆ 32 ವರ್ಷ ಕೂತವಳು ನಾನು. ಆಗ ಯಾರಾದರೂ ಊಟದ ಮಾತೆತ್ತಿದರೆ, "ಅದು ನಮ್ಮ ಸೆಕ್ಷನ್ ಅಲ್ಲ, ಹಿಂದಿನವರು ಬನ್ನಿ" ಎಂದು ಸಾಗಹಾಕುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಮಾತು ನಡೆಯುವುದಿಲ್ಲ. ಈಗ ನಾನೂ ಅದೇ ಟ್ರೇ ಮುಂದೆ ಕೂರುವವಳು. ಹಾಗಾಗಿ ಈ ಸಲ ಬರೀ ಊಟದ್ದೇ ಮಾತು.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನನ್ನಾಕೆಗೆ ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ. ಮೊಮ್ಮಗನ ನಾಮಕರಣಕ್ಕೆ ಹೋಗುವಾಗ ಅಮ್ಮನಿಗೆ ಆರಾಮಾಗಿರಲಿ ಎಂದು ಮಗ ಹಟ ಹಿಡಿದು ಪ್ರೀಮಿಯಂ ರೈಲಿನ ಎಕ್ಸಿಕ್ಯೂಟಿವ್ ಕ್ಲಾಸಿನಲ್ಲಿ ಟಿಕೆಟ್ ಮಾಡಿಸಿದ್ದ. ಸೀಟೇನೋ ಚೆನ್ನಾಗಿತ್ತು. ಎದುರಿನ ಮಡಿಸುವ ಟ್ರೇ ಬಿಚ್ಚಿದರೆ ಹಿಂದಿನವರ ಟೀ ಲೋಟದ ಕಲೆ, ಬಳೆಯ ಹಾಗೆ ದುಂಡಗೆ. ಒಂದು ಗಂಟೆಗೆಲ್ಲ ಬರುತ್ತದೆ ಎಂದಿದ್ದ ಊಟ ಎರಡೂವರೆ ದಾಟಿ ಬಂತು. ಅಷ್ಟು ಹೊತ್ತಿಗೆ ನನ್ನಾಕೆಯ ಕೈ ನಡುಗುತ್ತಿತ್ತು, ಪಕ್ಕದ ಸೀಟಿನ ಹುಡುಗಿ ಕೊಟ್ಟ ಎರಡು ಬಿಸ್ಕತ್ತು ಕಾಪಾಡಿತು. ಚಪಾತಿ ಚಕ್ಕಳ. ಅನ್ನದ ಅಂಚು ಒಣಗಿ ಅಕ್ಕಿಯಾಗಿತ್ತು. ಪಲ್ಯ ಹುಳಿ ವಾಸನೆ ಹೊಡೆಯುತ್ತಿತ್ತು. ಐಸ್‌ಕ್ರೀಮ್ ಮಾತ್ರ ಪಾಯಸದ ಹಾಗೆ ಕುಡಿಯಲು ಬರುತ್ತಿತ್ತು. ಬಡಿಸುವ ಹುಡುಗನನ್ನು ಕೇಳಿದರೆ, "ಕಂಪ್ಲೇಂಟ್ ಬರೀಬೇಡಿ ಸಾರ್, ನನ್ನ ಸಂಬಳದಲ್ಲಿ ಹಿಡೀತಾರೆ" ಎಂದ. ಸುಮ್ಮನಾದೆ. ಊರಿಗೆ ಬಂದು ಹತ್ತು ದಿನ ಬಿಟ್ಟು ನಾಲ್ಕು ಪುಟ ಬರೆದು ಕಳಿಸಿದೆ. 'ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂದು ಒಂದು ಸಾಲಿನ ಉತ್ತರ ಬಂತು. ಅಷ್ಟು ದುಡ್ಡು ಕೊಟ್ಟು ಇಂಥ ಊಟವೇ? ದುಡ್ಡು ವಾಪಸ್ ಬರುತ್ತದೆಯೇ?
(ಕುವೆಂಪುನಗರ, ಮೈಸೂರು. ಹೆಸರು ಬೇಡ ಎಂದಿದ್ದಾರೆ. ರೈಲಿನ ಹೆಸರು, ದಿನಾಂಕ ಎರಡನ್ನೂ ಬರೆದಿದ್ದಾರೆ, ಅದನ್ನು ನಾನೇ ತೆಗೆದಿದ್ದೇನೆ.)

ಉತ್ತರ: ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಆದರೆ ಅದನ್ನು ಹತ್ತು ದಿನ ತಡವಾಗಿ ಖರ್ಚು ಮಾಡಿದಿರಿ. ರೈಲಿನ ಊಟದ ದೂರಿಗೆ ಆಯಸ್ಸು ಬಹಳ ಕಡಿಮೆ. ಟ್ರೇ ಮುಂದಿರುವ ತನಕ ಅದು ದೂರು. ಟ್ರೇ ಎತ್ತಿಕೊಂಡು ಹೋದ ಮೇಲೆ ಬರೀ ಕಥೆ.

ಮೊದಲು ದುಡ್ಡಿನ ವಿಚಾರ. ಟಿಕೆಟ್ ಪ್ರಿಂಟ್ ಇದ್ದರೆ ತೆಗೆದು ನೋಡಿ. ಮೂಲ ದರ, ರಿಸರ್ವೇಶನ್, ಜಿಎಸ್‌ಟಿ ಇವುಗಳ ಜೊತೆ ಕೇಟರಿಂಗ್ ಚಾರ್ಜ್ ಎಂದು ಬೇರೆಯಾಗಿ ಒಂದು ಸಾಲು ಇರುತ್ತದೆ. ನೀವು ಊಟ-ತಿಂಡಿಗೆ ಕೊಟ್ಟದ್ದು ಅಷ್ಟೇ. ಮಿಕ್ಕಿದ್ದೆಲ್ಲ ಸೀಟಿಗೆ, ಏಸಿಗೆ, ವೇಗಕ್ಕೆ. 2019ರ ನವೆಂಬರ್‌ನಲ್ಲಿ ರೈಲ್ವೆ ಮಂಡಳಿ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ ಊಟದ ದರ ನಿಗದಿ ಮಾಡಿತು. ಆ ಪಟ್ಟಿಯಲ್ಲಿ ಚೇರ್ ಕಾರಿನ, ಅಂದರೆ ಕೂತು ಹೋಗುವ ಮಾಮೂಲಿ ಏಸಿ ಬೋಗಿಯ, ಊಟಕ್ಕೆ 185 ರೂಪಾಯಿ, ಎಕ್ಸಿಕ್ಯೂಟಿವ್‌ಗೆ 245. ವ್ಯತ್ಯಾಸ 60 ರೂಪಾಯಿ. ಟಿಕೆಟ್ ದರ ನೋಡಿದರೆ ಎರಡು ಕ್ಲಾಸಿನ ನಡುವೆ ಹೆಚ್ಚುಕಡಿಮೆ ಒಂದಕ್ಕೆ ಎರಡು. ಊಟದಲ್ಲಿ ಮಾತ್ರ ಅರವತ್ತೇ ರೂಪಾಯಿ! ನಾವು ಏನು ಅಂದುಕೊಳ್ಳುತ್ತೇವೆ ಹೇಳಿ. ಎರಡು ಪಟ್ಟು ಕೊಟ್ಟಿದ್ದೇವೆ, ಊಟವೂ ಎರಡು ಪಟ್ಟು ರುಚಿಯಾಗಿರುತ್ತದೆ ಅಂತ. ಅಲ್ಲೇ ಮೋಸ ಹೋಗುವುದು. ದೊಡ್ಡ ಸೀಟು ಕೊಂಡವರಿಗೆ ಬೇರೆ ಒಲೆ ಹಚ್ಚುವುದಿಲ್ಲ.

ಹಾಗಂತ 245 ರೂಪಾಯಿಗೆ ಹಳಸಿದ ಪಲ್ಯ ಕೊಡಬಹುದು ಎಂದು ನಾನು ಹೇಳುತ್ತಿಲ್ಲ. ನಮ್ಮ ಮೈಸೂರಿನ ಮೆಸ್ಸುಗಳಲ್ಲಿ ಅದರ ಅರ್ಧ ದುಡ್ಡಿಗೆ ಬಿಸಿ ಅನ್ನದ ಮೇಲೆ ಬಿಸಿ ಸಾರು ಬೀಳುತ್ತದೆ. ಇಲ್ಲಿ ಯಾಕೆ ಬೀಳಲ್ಲ ಎಂದರೆ, ಇಂಥ ರೈಲುಗಳಲ್ಲಿ ಅಡುಗೆಯನ್ನೇ ಮಾಡುವುದಿಲ್ಲ. ಊಟ ಎಲ್ಲೋ ಒಂದು ಬೇಸ್ ಕಿಚನ್‌ನಲ್ಲಿ, ಅಂದರೆ ರೈಲಿನ ಹೊರಗಿನ ದೊಡ್ಡ ಅಡುಗೆಮನೆಯಲ್ಲಿ, ತಯಾರಾಗುತ್ತದೆ. ಫಾಯಿಲ್ ಡಬ್ಬಿಗೆ ತುಂಬಿ ಮುಚ್ಚುತ್ತಾರೆ. ಗಾಡಿಯಲ್ಲಿ ತಂದು ರೈಲಿಗೇರಿಸುತ್ತಾರೆ. ಬೋಗಿಯ ತುದಿಯಲ್ಲಿ ಬೀರುವಿನಷ್ಟು ಜಾಗದಲ್ಲಿ ಮಿನಿ ಪ್ಯಾಂಟ್ರಿ ಇರುತ್ತದಲ್ಲ, ಅಲ್ಲಿನ ಹಾಟ್‌ಕೇಸಿನಲ್ಲಿ ಅದು ಕಾಯುತ್ತಾ ಕೂರುತ್ತದೆ.

ಚಪಾತಿಗೆ ಏನಾಗುತ್ತದೆ ಎಂದು ನೋಡಲು ನಾನೇ ಒಂದು ದಿನ ಮನೆಯಲ್ಲಿ ಪ್ರಯೋಗ ಮಾಡಿದೆ. ನಮ್ಮನೆಯವರಿಗೆ ಹೇಳಿರಲಿಲ್ಲ, ಅವರೇ ಪ್ರಯೋಗಪಶು. ಕಾವಲಿಯಿಂದ ಇಳಿದ ನಾಲ್ಕು ಚಪಾತಿ ತೆಗೆದುಕೊಂಡೆ. ಎರಡನ್ನು ಬಿಸಿ ಇರುವಾಗಲೇ ಫಾಯಿಲ್‌ನಲ್ಲಿ ಸುತ್ತಿ ಹಾಟ್‌ಬಾಕ್ಸ್‌ಗೆ ಹಾಕಿದೆ. ಇನ್ನೆರಡನ್ನು ನಮ್ಮಮ್ಮ ಮಾಡುತ್ತಿದ್ದ ಹಾಗೆ ಬಟ್ಟೆಯ ಮೇಲೆ ಹರಡಿ, ಹಬೆ ಹೋದ ಮೇಲೆ ಮಡಿಸಿ ಡಬ್ಬಿಯಲ್ಲಿಟ್ಟೆ. ಮೂರು ಗಂಟೆ ಬಿಟ್ಟು ತೆಗೆದರೆ ಫಾಯಿಲ್‌ನ ಒಳಮೈ ತುಂಬಾ ನೀರಿನ ಹನಿ. ಮೇಲಿನ ಚಪಾತಿ ಒದ್ದೆಯಾಗಿ ಕೆಳಗಿನದಕ್ಕೆ ಅಂಟಿತ್ತು. ಅದನ್ನು ಮತ್ತೆ ಬಿಸಿ ಮಾಡಿದೆ, ರೈಲಿನಲ್ಲಿ ಮಾಡುತ್ತಾರಲ್ಲ ಹಾಗೆ. ನೀರೆಲ್ಲ ಆರಿಹೋಗಿ ಅಂಚು ಗಟ್ಟಿಯಾಯಿತು, ನಡುಭಾಗ ರಬ್ಬರ್ ಆಯಿತು. ನಮ್ಮನೆಯವರು ಎರಡು ಸಲ ಎಳೆದು, ನನ್ನ ಮುಖ ನೋಡಿ, "ಇವತ್ತು ಹಿಟ್ಟು ಬದಲಾಯಿಸಿದ್ಯಾ?" ಎಂದರು. ಬಟ್ಟೆಯ ಮೇಲೆ ಆರಿದ ಚಪಾತಿ ತಣ್ಣಗಿತ್ತು, ಆದರೆ ಮೆತ್ತಗಿತ್ತು.

ಪ್ರಯಾಣದ ಊಟ ಎಂದರೆ ಏನು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು, ಮೇಷ್ಟ್ರೇ. ಬುತ್ತಿಗೆ ಪುಳಿಯೋಗರೆ ಕಟ್ಟುತ್ತಿದ್ದರು, ಹುಣಸೆ, ಎಣ್ಣೆ ಎರಡೂ ಅದನ್ನು ಕಾಯುತ್ತಿದ್ದವು. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದು ಚಮಚ. ತಿನ್ನುವ ಹೊತ್ತಿಗೆ ಸರಿಯಾಗಿ ಹೆಪ್ಪಾಗಲಿ ಅಂತ. ರೈಲಿನ ಮೆನು ಮಾಡುವವರು ಮಾತ್ರ ಪನೀರ್ ಗ್ರೇವಿ, ದಾಲ್, ಜೀರಾ ರೈಸ್ ಎನ್ನುತ್ತಾರೆ. ಒಲೆಯಿಂದ ಇಳಿದ ಅರ್ಧ ಗಂಟೆಯಲ್ಲಿ ತಿಂದರೆ ಚೆನ್ನಾಗಿರುವ ಅಡುಗೆಗಳು. ಅವನ್ನು ನಾಲ್ಕೈದು ಗಂಟೆ ಡಬ್ಬಿಯಲ್ಲಿ ಕೂಡಿಟ್ಟರೆ ಅವು ತಾನೇ ಏನು ಮಾಡಿಯಾವು?

ಇನ್ನು ಆ ಹುಡುಗನ ಮಾತು. "ಸಂಬಳದಲ್ಲಿ ಹಿಡೀತಾರೆ" ಎಂದನಲ್ಲ, ನಿಜವೋ ಸುಳ್ಳೋ, ನಿಮ್ಮ ಬಾಯಿ ಕಟ್ಟಿದ್ದು ಅದೇ. ಮೇಷ್ಟ್ರು ಅಲ್ವಾ, ಮಕ್ಕಳ ಮುಖ ನೋಡಿ ಮನಸ್ಸು ಕರಗುತ್ತದೆ. ಆದರೆ ಒಂದು ವಿಷಯ ತಿಳಿದಿರಲಿ. 2017ರ ಕೇಟರಿಂಗ್ ನೀತಿಯಲ್ಲಿ ಅಡುಗೆ ಮಾಡುವ ಕೆಲಸವನ್ನೂ ರೈಲಿನಲ್ಲಿ ಹಂಚುವ ಕೆಲಸವನ್ನೂ ಬೇರೆ ಬೇರೆ ಮಾಡಿದರು. ಅಡುಗೆಯ ಗುಣಮಟ್ಟ ಸುಧಾರಿಸಲಿ ಎನ್ನುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ನಮಗೆ ಮಾತ್ರ ಕಾಣುವುದು ಬಡಿಸುವವನೊಬ್ಬನೇ. ಮದುವೆಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೆ ಅಡುಗೆ ಭಟ್ಟರೇ ಹೆಗಲ ಮೇಲೆ ಟವಲ್ ಹಾಕಿಕೊಂಡು ಪಂಕ್ತಿಯ ಕೊನೆಯಲ್ಲಿ ನಿಂತಿರುತ್ತಾರೆ, ಮುಖಕ್ಕೇ ಹೇಳಬಹುದು. ರೈಲಿನಲ್ಲಿ ಭಟ್ಟರು ಇನ್ನೂರು ಕಿಲೋಮೀಟರ್ ಹಿಂದೆ ಇರುತ್ತಾರೆ. ಹುಳಿಯಾದ ಪಲ್ಯ ಆ ಹುಡುಗ ಮಾಡಿದ್ದಲ್ಲ. ಕಲೆ ಬಿದ್ದ ಟ್ರೇ ಕೂಡ ಅವನದಲ್ಲ, ಅದು ಬೋಗಿ ಶುಚಿ ಮಾಡುವವರ ಕೆಲಸ. ದೂರು ಬರೆಯುವಾಗ ಹುಡುಗನ ಹೆಸರು ಹಾಕಬೇಡಿ, ಡಬ್ಬಿಯ ವಿವರ ಹಾಕಿ. ಡಬ್ಬಿಯ ಮೇಲೆ ಕ್ಯುಆರ್ ಕೋಡ್ ಇದ್ದರೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ, ಯಾವ ಕಿಚನ್, ಯಾವತ್ತು ಪ್ಯಾಕ್ ಮಾಡಿದ್ದು ಎಂದು ತೋರಿಸುತ್ತದೆ. ದೂರು ಇರಬೇಕಾದ್ದು ಆ ಕಿಚನ್ ಮೇಲೆ.

ಮುಂದಿನ ಸಲ ಹೀಗೆ ಮಾಡಿ. ಮುಚ್ಚಳ ತೆಗೆಯುವ ಮೊದಲು ಒಂದು ಫೋಟೊ, ತೆಗೆದ ಮೇಲೆ ಒಂದು ಫೋಟೊ. ವಾಸನೆ ಬಂದರೆ ತಿನ್ನಬೇಡಿ. ಅರ್ಧ ತಿಂದು ಆಮೇಲೆ ದೂರಿದರೆ ಯಾರೂ ನಂಬಲ್ಲ. ಮೊದಲು ಕೇಟರಿಂಗ್ ಮ್ಯಾನೇಜರನ್ನು ಕರೆಸಿ ಬದಲಿ ಊಟ ಕೇಳಿ. ಬಹಳ ಸಲ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಅವರ ಹತ್ತಿರ ಹೆಚ್ಚುವರಿ ಡಬ್ಬಿಗಳು ಇದ್ದೇ ಇರುತ್ತವೆ. ಆಗದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ವೆಯವರ ದೂರಿನ ಆ್ಯಪ್ ರೈಲ್‌ಮದದ್‌ನಲ್ಲಿ ಟಿಕೆಟ್ಟಿನ ಪಿಎನ್‌ಆರ್ ಹಾಕಿ ಫೋಟೊ ಸಮೇತ ಕಳಿಸಿ. ಒಂದು ರೆಫರೆನ್ಸ್ ನಂಬರ್ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ರೈಲು ಓಡುತ್ತಿರುವಾಗಲೇ ದೂರು ಬಿದ್ದರೆ ಬೋಗಿಗೇ ಯಾರಾದರೂ ಬರುವ ಸಾಧ್ಯತೆ ಇದೆ. ಹತ್ತು ದಿನ ಬಿಟ್ಟು ಬರೆದರೆ 'ವಿಷಾದಿಸುತ್ತೇವೆ' ಮಾತ್ರ ಬರುತ್ತದೆ. ನಿಮಗೆ ಬಂತಲ್ಲ.

ದಂಡ ಹಾಕಿದ್ದೇವೆ ಎಂಬ ಉತ್ತರವೂ ಒಮ್ಮೊಮ್ಮೆ ಬರುತ್ತದೆ. ಖುಷಿಯಾಗುತ್ತದೆ, ಆದರೆ ಆ ದಂಡ ನಿಮ್ಮ ಜೇಬಿಗೆ ಬರುವುದಿಲ್ಲ. ನಿಮ್ಮ ದುಡ್ಡೇ ಬೇಕು ಎಂದರೆ ಗ್ರಾಹಕರ ದಾರಿ ಹಿಡಿಯಬೇಕು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಮೊದಲು ಅಲ್ಲಿ ಹೇಳಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ, ಅಂದರೆ ಮೈಸೂರಿನಲ್ಲೇ ದೂರು ಹಾಕಬಹುದು. ಎರಡು ವರ್ಷ ಕಾಲಾವಕಾಶ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಆದರೆ ಫೋಟೊ ಇಲ್ಲ, ರೆಫರೆನ್ಸ್ ನಂಬರ್ ಇಲ್ಲ, ಬರೀ ಮುತ್ತಿನಂಥ ಅಕ್ಷರ ಇದೆ. ಕುವೆಂಪುನಗರದಿಂದ ಆಯೋಗಕ್ಕೆ ನಾಲ್ಕು ಸಲ ಓಡಾಡುವ ಆಟೋ ದುಡ್ಡೇ ಊಟದ ದುಡ್ಡಿಗಿಂತ ಜಾಸ್ತಿಯಾದೀತು. ನಾನಾಗಿದ್ದರೆ ಈ ಸಲ ಬಿಟ್ಟುಬಿಡುತ್ತಿದ್ದೆ. ಊಟದಿಂದ ಕಾಯಿಲೆ ಬಿದ್ದು ಆಸ್ಪತ್ರೆ ಬಿಲ್ ಆಗಿದ್ದರೆ ಮಾತ್ರ ಬಿಡುತ್ತಿರಲಿಲ್ಲ.

ನಿಮ್ಮೊಬ್ಬರದೇ ದೂರು ಅಂದುಕೊಳ್ಳಬೇಡಿ. ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಮಹಾಲೇಖಪಾಲರು (ಸಿಎಜಿ) 74 ನಿಲ್ದಾಣ, 80 ರೈಲುಗಳನ್ನು ತಪಾಸಣೆ ಮಾಡಿಸಿ ಕೊಟ್ಟ ವರದಿ 2017ರ ಜುಲೈನಲ್ಲಿ ಸಂಸತ್ತಿನ ಮುಂದೆ ಬಂತು. ಬಿಲ್ ಕೊಡದಿರುವುದು, ನಲ್ಲಿ ನೀರನ್ನೇ ಪಾನೀಯಕ್ಕೆ ಬಳಸುವುದು, ಕಸದ ಬುಟ್ಟಿಗೆ ಮುಚ್ಚಳವಿಲ್ಲದಿರುವುದು, ಎಲ್ಲ ಅದರಲ್ಲಿತ್ತು. ಆಗ ನಾನು ಕೌಂಟರಿನಲ್ಲೇ ಇದ್ದೆ. ಪೇಪರ್ ಓದಿ ಪಕ್ಕಕ್ಕಿಟ್ಟು ಡಬ್ಬಿ ಬಿಚ್ಚಿ ಮನೆಯ ಚಿತ್ರಾನ್ನ ತಿಂದೆವು.

ಒಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇರುವವರನ್ನು ರೈಲಿನ ಊಟದ ವೇಳೆಗೆ ಒಪ್ಪಿಸಬೇಡಿ. ಅದು ಎಕ್ಸಿಕ್ಯೂಟಿವ್ ಆಗಲಿ, ಮತ್ತೊಂದಾಗಲಿ. ಎರಡು ಆರಿದ ಚಪಾತಿ, ಒಂದು ಹಿಡಿ ಕಡಲೆಕಾಯಿ, ಸಕ್ಕರೆ ಇಳಿದರೆ ಎಂದು ನಾಲ್ಕು ಗ್ಲೂಕೋಸ್ ಬಿಸ್ಕತ್ತು ಅಕ್ಕನವರ ಕೈಚೀಲದಲ್ಲೇ ಇರಲಿ, ಮೇಲಿನ ರ್‍ಯಾಕಿನ ಸೂಟ್‌ಕೇಸಿನಲ್ಲಿ ಬೇಡ.

ಪ್ರಶ್ನೆ: ಮೈಸೂರಿನಿಂದ ಬೆಂಗಳೂರಿಗೆ ತಿಂಗಳಿಗೆರಡು ಸಲ ಪ್ರೀಮಿಯಂ ರೈಲಿನಲ್ಲಿ ಹೋಗುತ್ತೇನೆ. ಎರಡು ಗಂಟೆಯ ದಾರಿ. ಟ್ರೇ ಬರುವ ಹೊತ್ತಿಗೆ ಕೆಂಗೇರಿ ಬಂದಿರುತ್ತದೆ. ಅರ್ಧ ತಿಂದು ಅರ್ಧ ಬಿಟ್ಟು ಇಳಿಯುತ್ತೇನೆ. ಏನು ಮಾಡಲಿ?
(ಮಂಡ್ಯದ ಓದುಗಿ, ಐಟಿ ಉದ್ಯೋಗಿ)

ಉತ್ತರ: ಟಿಕೆಟ್ ಮಾಡುವಾಗ ಊಟದ ಆಯ್ಕೆ ಕೇಳುವ ಕಡೆ 'ನೋ ಫುಡ್' ಇದೆಯಲ್ಲ, ಅದನ್ನು ಒತ್ತಿ. ಟಿಕೆಟ್ಟಿನಿಂದ ಕೇಟರಿಂಗ್ ದುಡ್ಡು ಅಷ್ಟೂ ಇಳಿಯುತ್ತದೆ. 140 ಕಿಲೋಮೀಟರ್ ಕೂಡ ಇಲ್ಲದ ದಾರಿಗೆ ಟ್ರೇ ಊಟ ಯಾಕೆ ಬೇಕು? ಆದರೆ ಒಂದು ಎಚ್ಚರಿಕೆ. ಬೇಡ ಎಂದು ಹೇಳಿ, ರೈಲು ಹತ್ತಿದ ಮೇಲೆ ಪಕ್ಕದವರ ತಟ್ಟೆ ನೋಡಿ ಆಸೆಯಾಯಿತು ಅನ್ನಿ, ಆಗ 50 ರೂಪಾಯಿ ಜಾಸ್ತಿ. 2022ರಲ್ಲಿ 20 ರೂಪಾಯಿ ಟೀಗೆ 50 ರೂಪಾಯಿ ಸರ್ವಿಸ್ ಚಾರ್ಜ್ ಸೇರಿಸಿ 70 ರೂಪಾಯಿ ಬಿಲ್ ಮಾಡಿದ್ದು ಊರೆಲ್ಲ ಸುದ್ದಿಯಾಗಿತ್ತು. ಆಮೇಲೆ ಟೀ, ಕಾಫಿಯ ಮೇಲಿದ್ದದ್ದನ್ನು ತೆಗೆದರು. ಊಟ-ತಿಂಡಿಯ ಮೇಲೆ ಉಳಿಸಿಕೊಂಡರು. ಅಂದರೆ ಮೇಷ್ಟ್ರಿಗೆ ಹೇಳಿದ 2019ರ ಪಟ್ಟಿಯ ಲೆಕ್ಕದಲ್ಲಿ, ಮೊದಲೇ ಹೇಳಿದ್ದರೆ 105ಕ್ಕೆ ಸಿಗುತ್ತಿದ್ದ ಚೇರ್ ಕಾರಿನ ತಿಂಡಿ, ಆಮೇಲೆ ಕೇಳಿದರೆ 155.

ಆಸೆಗೆ ಮದ್ದು ಬೇಕೆಂದರೆ ನಿಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ವಡೆ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ನಿಲ್ದಾಣದಲ್ಲಿ ರೈಲಿನವರಿಗೆಂದೇ ಮಾಡಿದ ತಿಂಡಿ ಎಂದು ಎಲ್ಲರೂ ಹೇಳುತ್ತಾರೆ. ರವೆ, ಮೈದಾ, ಅಕ್ಕಿ ಹಿಟ್ಟು, ಉದ್ದಕ್ಕೆ ಹೆಚ್ಚಿದ ಈರುಳ್ಳಿ. ತಟ್ಟಿ ಕರಿದರೆ ಮುಗಿಯಿತು. ಚಮಚ ಬೇಡ, ತಟ್ಟೆ ಬೇಡ, ತಣ್ಣಗಾದರೂ ರುಚಿ ಕೆಡುವುದಿಲ್ಲ, ಸಂಜೆ ತನಕ ಇರುತ್ತದೆ. ಯಾವ ಮೆನು ಕಮಿಟಿಯೂ ಕೂತು ಮಾಡಿದ್ದಲ್ಲ. ತಮಾಷೆ ಏನೆಂದರೆ ವಂದೇ ಭಾರತ್ ಮದ್ದೂರಿನಲ್ಲಿ ನಿಲ್ಲುವುದೇ ಇಲ್ಲ. ಕಾಗದದಲ್ಲಿ ಸುತ್ತಿದ ಬಿಸಿ ವಡೆ ಬೇಕಾದವರು ಪ್ಯಾಸೆಂಜರ್ ರೈಲಿಗೇ ಹೋಗಬೇಕು, ಕಡಿಮೆ ದುಡ್ಡು ಕೊಟ್ಟು!

ಪ್ರಶ್ನೆ: ಇಳಿಯುವ ಹತ್ತು ನಿಮಿಷ ಮೊದಲು ಸೋಂಪಿನ ತಟ್ಟೆ ಹಿಡಿದು ಬಂದು ಪ್ರತಿ ಸೀಟಿನ ಮುಂದೆ ನಿಲ್ಲುತ್ತಾರೆ. ಕೊಡದಿದ್ದರೆ ಕದಲುವುದಿಲ್ಲ. ಟಿಪ್ಸ್ ಕೊಡಲೇಬೇಕಾ?
(ಸರಸ್ವತಿಪುರಂ, ಮೈಸೂರು)

ಉತ್ತರ: ಕೊಡಲೇಬೇಕಿಲ್ಲ. ಸೋಂಪು ತೆಗೆದುಕೊಂಡು ಥ್ಯಾಂಕ್ಸ್ ಹೇಳಿ, ಕಿಟಕಿ ಕಡೆ ನೋಡಿ. ನಾನು ಒಮ್ಮೊಮ್ಮೆ ಕೊಡುತ್ತೇನೆ, ಒಮ್ಮೊಮ್ಮೆ ಇಲ್ಲ. ಚೇರ್ ಕಾರ್ ಎಂದರೆ 78 ಸೀಟು. ಅಷ್ಟು ಜನಕ್ಕೆ ನೀರು, ತಿಂಡಿ, ಬಿಸಿನೀರಿನ ಫ್ಲಾಸ್ಕ್, ಊಟ ಹಂಚಿ, ಮತ್ತೆ ಅದೇ ಸಂದಿಯಲ್ಲಿ ಎಂಜಲು ಟ್ರೇ ಎತ್ತಬೇಕು. ಕಳೆದ ಸಲ ಒಬ್ಬ ಹುಡುಗ ಅಷ್ಟರ ನಡುವೆಯೂ ಒಬ್ಬ ಅಜ್ಜಿಗೆ ಮೊಸರಿನ ಕಪ್ಪಿನ ಫಾಯಿಲ್ ಬಿಡಿಸಿಕೊಟ್ಟ. ಅವನಿಗೆ ಐವತ್ತು ಕೊಟ್ಟೆ, ಸೋಂಪಿನ ತಟ್ಟೆಗಲ್ಲ, ಕೈಗೆ. ಬಲವಂತ ಮಾಡಿದರೆ ಮಾತ್ರ ಮೇಷ್ಟ್ರಿಗೆ ಹೇಳಿದ ಅದೇ 139.

ಇದೇ ಓದುಗರು ಅರ್ಧ ಲೀಟರ್ ನೀರಿನ ಬಾಟಲಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ ಎಂದೂ ಬರೆದಿದ್ದಾರೆ. ವಂದೇ ಭಾರತ್‌ನಲ್ಲಿ 2024ರಿಂದ ಹಾಗೆ ಮಾಡಿದ್ದಾರೆ. ನೀರು ಪೋಲಾಗಬಾರದು ಎಂದು ಮೊದಲು ಅರ್ಧ ಲೀಟರ್, ಕೇಳಿದರೆ ಇನ್ನೊಂದು ಅರ್ಧ ಲೀಟರ್ ಪುಕ್ಕಟೆ. ಕೇಳಬೇಕು ಅಷ್ಟೇ. ಬೇರೆ ಏನಾದರೂ ದುಡ್ಡು ಕೊಟ್ಟು ಕೊಂಡರೆ ಬಿಲ್ ಕೇಳಿ. ಬಿಲ್ ಕೊಡದಿದ್ದರೆ ದುಡ್ಡು ಕೊಡಬೇಕಿಲ್ಲ ಎಂದು 2019ರಲ್ಲಿ ರೈಲ್ವೆಯವರೇ ಹೇಳಿದ್ದಾರೆ.

ಪ್ರಶ್ನೆ: ಅಮ್ಮಾ, ಮೈಸೂರಿನಿಂದ ಹೊರಡುವ ರೈಲಿನಲ್ಲಿ ಒಂದು ಲೋಟ ಒಳ್ಳೆ ಕಾಫಿ ಕೊಡಲು ಏನು ಕಷ್ಟ?
(ಒಂಟಿಕೊಪ್ಪಲು, ಮೈಸೂರು)

ಉತ್ತರ: ನನ್ನದೂ ಇದೇ ಸಂಕಟ. ಕಾಫಿ ತೋಟಗಳ ಕೊಡಗು ಪಕ್ಕದ ಜಿಲ್ಲೆ. ಇಲ್ಲಿ ಕೈಗೆ ಸಿಗುವುದು ಒಂದು ಪುಡಿ ಪೊಟ್ಟಣ, ಉಗುರುಬೆಚ್ಚಗಿನ ನೀರು, ಕಲಕಲು ಒಂದು ಕಡ್ಡಿ. ಎಷ್ಟು ಕಲಕಿದರೂ ಮೇಲೆ ಬಿಳಿ ಗಂಟು ತೇಲುತ್ತದೆ. ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, 78 ಜನಕ್ಕೆ ಕೊಡುವುದು ಆ ಬೀರುವಿನಂಥ ಪ್ಯಾಂಟ್ರಿಯಲ್ಲಿ ಆಗುವ ಕೆಲಸವಲ್ಲ, ಅದನ್ನು ಒಪ್ಪುತ್ತೇನೆ. ಹಾಗಾಗಿ ನಾನು ಹೊರಡುವ ದಿನ ಡಿಕಾಕ್ಷನ್ ಸ್ವಲ್ಪ ಗಟ್ಟಿಯಾಗಿ ಇಳಿಸಿ, ಕಾಫಿ ಬೆರೆಸಿ, ಸ್ಟೀಲ್ ಫ್ಲಾಸ್ಕಿಗೆ ತುಂಬಿಕೊಳ್ಳುತ್ತೇನೆ. ಫ್ಲಾಸ್ಕನ್ನು ಮೊದಲು ಕುದಿನೀರಿನಲ್ಲಿ ತೊಳೆದರೆ ರಾಮನಗರ ದಾಟುವ ತನಕ ಬಿಸಿ ಇರುತ್ತದೆ. ಮುಚ್ಚಳ ಸರಿಯಾಗಿ ತಿರುಗಿಸಿ. ಹೋದ ತಿಂಗಳು ನಾನು ತಿರುಗಿಸಿರಲಿಲ್ಲ. ಪಕ್ಕದ ಸೀಟಿನವರು ಬಿಳಿ ಪಂಚೆ ಉಟ್ಟಿದ್ದರು.